ಬಸಣ್ಣನ ಹಗೆ

ಇಂಡಿ
೭ ಜನವರಿ ೨೦೨೫

ಸಾಲಿಮಡ್ಡಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಿಗೆ,

ತಕರಾರು ಇದ್ದವರು ಬರವಣಿಗೆಯಲ್ಲೇ ಕೊಡಬೇಕು ಎಂದು ನಿಮ್ಮ ಬಾಗಿಲ ಮೇಲೆ ಬರೆದಿದೆ. ಫೋನ್ ಮಾಡೋಣವೆಂದರೆ ನಿಮ್ಮ ನಡುಗಡ್ಡೆಯಲ್ಲಿ ಸಿಗ್ನಲ್ ಇಲ್ಲ. ಹಾಗಾಗಿ ಎಷ್ಟೋ ವರ್ಷದ ಮೇಲೆ ಟಪಾಲು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೇನೆ.

ನಾನು ಇಂಡಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಕಳೆದ ಭಾನುವಾರ ನಲವತ್ತೊಂದು ಹುಡುಗಿಯರನ್ನು ಕರೆದುಕೊಂಡು ಆಲಮಟ್ಟಿ ನೋಡಿ, ಹಿನ್ನೀರಿನಲ್ಲಿ ಬೋಟು ಹತ್ತಿ ನಿಮ್ಮಲ್ಲಿಗೂ ಬಂದಿದ್ದೆ. ಮುಳುಗಡೆಯಾದ ಮಡ್ಡಿಹಾಳದಲ್ಲಿ ಮಕ್ಕಳ ಸಾಲಿ ಇದ್ದ ದಿಬ್ಬ ಒಂದೇ ನೀರಿನ ಮೇಲೆ ಉಳಿದಿದೆ, ಆ ಸಾಲಿಯ ಮೂರು ಕೋಣೆಯಲ್ಲಿ ಊರಿನ ಸಾಮಾನು ಇಟ್ಟಿದ್ದೀರಿ ಎಂದು ಕೇಳಿದ್ದೆ. ಅದು ನನ್ನ ಅವ್ವ ಹುಟ್ಟಿದ ಊರು. ತೊಟ್ಟಿಲು, ಕೂರಿಗೆ, ಅಲಾಯಿ ಹಬ್ಬದ ಪಂಜಾ, ಸಾಲಿಯ ಗಂಟೆ, ಎಲ್ಲ ಚೊಕ್ಕಟವಾಗಿದೆ. ಅದಕ್ಕೆ ನಿಮ್ಮನ್ನು ಮೆಚ್ಚಬೇಕು.

ತಕರಾರು ಮೂರನೆಯ ಕೋಣೆಯದ್ದು. ಅಲ್ಲಿ ಗಾಜಿನೊಳಗೆ ಒಂದು ಹಳೆಯ ದಿನಚರಿ, ಅದರ ಮೇಲೆ ದೊಡ್ಡ ಅಕ್ಷರದ ಫಲಕ: "ಬಸಣ್ಣನ ಹಗೆಗೆ ಕಾಸಿಂಸಾಬ ಬಲಿ, ೧೯೭೧". ಕೆಳಗೆ ಇರುವೆಯಂಥ ಅಕ್ಷರದಲ್ಲಿ ಎರಡು ಮನೆತನದ ವೈರ, ಕೊಲೆ, ಪಂಚರು ಪ್ರಕರಣ ಮುಚ್ಚಿಹಾಕಿದ್ದು. ನನ್ನ ಹುಡುಗಿಯರು ಅದನ್ನು ಗಟ್ಟಿಯಾಗಿ ಓದಿ ಫೋಟೋ ತೆಗೆದುಕೊಂಡರು. ಇದಕ್ಕೆ ಆಧಾರವೇನು? ಬರೆದವರು ಯಾರು?

ಶಬಾನಾ

*

ಸಾಲಿಮಡ್ಡಿ
೧೮ ಜನವರಿ ೨೦೨೫

ಶಬಾನಾ ಮೇಡಂ ಅವರಿಗೆ ನಮಸ್ಕಾರ.

ಇಲ್ಲಿಗೆ ಟಪಾಲು ವಾರಕ್ಕೆರಡು ಸಲ ಇಬ್ರಾಹಿಂಸಾಬರ ಬೋಟಿನಲ್ಲಿ ಬರುತ್ತದೆ. ಉತ್ತರ ತಡವಾಯಿತು. ಸಂಗ್ರಹಾಲಯ ತೆರೆದು ಏಳು ತಿಂಗಳಲ್ಲಿ ಬಂದ ಮೊದಲ ತಕರಾರು ನಿಮ್ಮದು. ಬೇಸರವಿಲ್ಲ, ಖುಷಿಯೇ ಆಯಿತು. ಯಾರೋ ಒಬ್ಬರು ಸಣ್ಣಕ್ಷರವನ್ನೂ ಓದಿದ್ದಾರಲ್ಲ!

ಫಲಕ ಬರೆದವನು ನಾನೇ. ನಾನು ತಿಪಟೂರು ಕಡೆಯವನು, ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ. ಆಧಾರ ಆ ದಿನಚರಿಯೇ. ಅದು ಮಡ್ಡಿಹಾಳದ ಶಾಲೆಯಲ್ಲಿ ಇಪ್ಪತ್ತು ವರ್ಷ ಹೆಡ್ಮಾಸ್ತರಾಗಿದ್ದವರ ಕೈಬರಹ. ಅವರಿಗೆ ಸುಳ್ಳು ಬರೆಯಲು ಕಾರಣವಿರಲಿಲ್ಲ. ಅಲ್ಲದೆ ಆ ಊರಿನ ಹಿರಿಯರೇ ಮೂವರು ಬಂದಿದ್ದಾಗ ಫಲಕ ಓದಿ, "ಹೌದ್ರಿ, ಹಿಂಗ ಆಗಿತ್ರಿ" ಎಂದು ತಲೆಯಾಡಿಸಿದ್ದಾರೆ. ಒಬ್ಬರಂತೂ ಕಣ್ಣೊರೆಸಿಕೊಂಡರು. ಇದಕ್ಕಿಂತ ಪುರಾವೆ ಬೇಕೆ?

ಜನ ಹೆಚ್ಚು ಹೊತ್ತು ನಿಲ್ಲುವುದು ಆ ಫಲಕದ ಮುಂದೆಯೇ. ಹಳ್ಳಿ ಎಂದರೆ ಬರೀ ಹಾಡು ಹಬ್ಬ ಎಂದುಕೊಂಡವರಿಗೆ ಹಗೆಯೂ ಇತ್ತು ಎಂದು ತಿಳಿಯಬೇಕಲ್ಲವೆ?

ವಿಶ್ವಾಸವಿರಲಿ,
ಅರುಣಕುಮಾರ

*

ಇಂಡಿ
೨೫ ಜನವರಿ ೨೦೨೫

ಅರುಣಕುಮಾರ ಅವರಿಗೆ,

ನಿಮ್ಮ ಎಂ.ಎ. ನಿಮಗಿರಲಿ. ಮೊದಲ ಪತ್ರದಲ್ಲಿ ಒಂದು ಮಾತು ಬಿಟ್ಟಿದ್ದೆ, ಈಗ ಬರೆಯುತ್ತೇನೆ. ಕಾಸಿಂಸಾಬ ನನ್ನ ಅವ್ವನ ಅಪ್ಪ. ಅವ್ವನ ಹೆಸರು ಜೈತುನಬಿ. ಅವಳು ಎಂಟು ವರ್ಷದವಳಿದ್ದಾಗ ಅಜ್ಜ ತೀರಿಕೊಂಡರು. ಹೇಗೆ ಎಂದು ಕೇಳಿದಾಗಲೆಲ್ಲ ಅವಳ ಉತ್ತರ ಒಂದೇ: "ಉಸರ ಕಟ್ಟಿ ಹೋದ ನಮ್ಮಪ್ಪ." ದಮ್ಮು ಇತ್ತು ಎಂದುಕೊಂಡು ಬೆಳೆದವಳು ನಾನು. ಉಸಿರು ಇನ್ನೊಬ್ಬರು ಕಟ್ಟಿಸಬಹುದು ಎಂದು ನಿಮ್ಮ ಫಲಕ ಓದುವ ತನಕ ಹೊಳೆದಿರಲಿಲ್ಲ.

ಬಸಣ್ಣ ಯಾರೋ ಗೊತ್ತಿಲ್ಲದವರಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರ ಹೆಂಡತಿ ಗುಂಡವ್ವಾಯಿ, ಮಗ ಸುಭಾಸ ಮಾಮಾ ಬಸವನ ಬಾಗೇವಾಡಿಯಲ್ಲಿದ್ದಾರೆ. ಪ್ರತಿ ವರ್ಷ ರಾಶಿಯಾದ ಮೇಲೆ ಆ ಮನೆಯಿಂದ ನಮ್ಮ ಮನೆಗೆ ಒಂದು ಚೀಲ ಬಿಳಿಜೋಳ ಬರುತ್ತದೆ. ತಾವು ಉಣ್ಣುವ ಮೊದಲು ನಮಗೆ ಕಳಿಸುತ್ತಾರೆ. ಯಾಕೆ ಎಂದರೆ ಅವ್ವ "ಊರ ಸಂಬಂಧ" ಅನ್ನುತ್ತಾಳೆ. ಆ ಜೋಳದ ರೊಟ್ಟಿ ತಿಂದು ನಾನು ಇಷ್ಟೆತ್ತರ ಆಗಿದ್ದೇನೆ.

ಅಜ್ಜನನ್ನು ಕೊಂದವರ ಮನೆಯ ಜೋಳ ತಿಂದೆನೋ ಇಲ್ಲವೋ, ನನಗೆ ಗೊತ್ತಾಗಬೇಕು. ದಿನಚರಿಯ ಆ ಪುಟವನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿ ಕಳಿಸಿ. ಅವ್ವನಿಗೆ ಇದೊಂದೂ ಹೇಳಿಲ್ಲ.

ಶಬಾನಾ

*

ಸಾಲಿಮಡ್ಡಿ
೮ ಫೆಬ್ರವರಿ ೨೦೨೫

ಮೇಡಂ,

ಮನಸ್ಸಿಗೆ ಕಷ್ಟವಾಯಿತು. ಕಾಸಿಂಸಾಬರ ಮನೆಯವರು ಇದ್ದಾರೆಂದು ತಿಳಿದಿದ್ದರೆ ಮೊದಲೇ ನಿಮ್ಮನ್ನು ಹುಡುಕುತ್ತಿದ್ದೆ. ಕೇಳಿದಂತೆ ನಕಲು ಮಾಡಿದ್ದೇನೆ, ಒಂದಕ್ಷರ ಬದಲಿಸಿಲ್ಲ:

"೧೪-೩-೧೯೭೧. ಬಸಣ್ಣ ಹಗೆ ತೆಗೆದ. ಅವನ ಹಗೆಗೆ ಕಾಸಿಂಸಾಬ ಬಲಿಯಾದ. ಊರಲ್ಲಿ ಒಲೆ ಹೊತ್ತಲಿಲ್ಲ.
೧೫-೩. ಸಾಲಿಗೆ ಸೂಟಿ. ಪಂಚರು ಕೂತು ಹಗೆ ಮುಚ್ಚಿಸಿದರು."

ಇಷ್ಟೇ. ಮುಂದೆ ಆ ವಿಷಯವೇ ಇಲ್ಲ. ಬಸಣ್ಣ ಹಗೆ ತೆಗೆದರು, ಬಲಿ ಬಿತ್ತು, ಪಂಚರು ಮುಚ್ಚಿಸಿದರು. ಇನ್ನು ಹೇಗೆ ಓದಲಿ ನಾನು?

ಜೋಳದ ಚೀಲದ ವಿಷಯ ನೀವು ಬರೆದಿದ್ದರಿಂದ ಹೇಳುತ್ತೇನೆ, ಅಧಿಕಪ್ರಸಂಗ ಎನ್ನಬೇಡಿ. ಪಂಚರು ತಪ್ಪುದಂಡ ಹಾಕುವ ಪದ್ಧತಿ ಹಿಂದೆ ಇತ್ತು. ಆ ಚೀಲ ಪ್ರಾಯಶ್ಚಿತ್ತದ್ದಿರಬಹುದು.

ಅರುಣಕುಮಾರ

*

ಇಂಡಿ
೧೫ ಫೆಬ್ರವರಿ ೨೦೨೫

ಓದಿದೆ. ಪ್ರಾಯಶ್ಚಿತ್ತ ಎಂಬ ನಿಮ್ಮ ಮಾತೇ ಸರಿ ಇರಬೇಕು. ಇನ್ನು ಬರೆಯುವ ಅಗತ್ಯವಿಲ್ಲ. ಫಲಕ ಹಾಗೇ ಇರಲಿ.

ಶ.

*

ಸಾಲಿಮಡ್ಡಿ
೧೨ ಮಾರ್ಚ್ ೨೦೨೫

ಶಬಾನಾ ಮೇಡಂ,

ಬರೆಯಬೇಡಿ ಎಂದಿದ್ದೀರಿ, ಆದರೂ ಬರೆಯುತ್ತಿದ್ದೇನೆ. ಫಲಕ ಹಾಗೇ ಇರಲಿ ಎಂದು ನೀವೇ ಒಪ್ಪಿದ್ದು ನಿಮ್ಮ ದೊಡ್ಡತನ. ನಮ್ಮ ಟ್ರಸ್ಟಿನವರಿಗೂ ನೀವು ಬರೆದ ಕಾರ್ಡು ತೋರಿಸಿದೆ. ಜೂನ್‌ನಲ್ಲಿ ವರ್ಷ ತುಂಬುವ ಸಣ್ಣ ಕಾರ್ಯಕ್ರಮವಿದೆ. ಕಾಸಿಂಸಾಬರ ಮೊಮ್ಮಗಳಾಗಿ ನೀವು ಬಂದು ಹತ್ತು ನಿಮಿಷ ಮಾತಾಡಬೇಕು. ವೈರ ಮರೆತ ಕುಟುಂಬ ಎಂದು ನಿಮ್ಮನ್ನು ಪರಿಚಯಿಸುತ್ತೇನೆ. ಅಜ್ಜನವರ ಫೋಟೋ ಇದ್ದರೆ ತನ್ನಿ.

ಅರುಣಕುಮಾರ

*

ಇಂಡಿ
೨೪ ಮಾರ್ಚ್ ೨೦೨೫

ಅರುಣಕುಮಾರ ಅವರೆ,

ನಿಮ್ಮ ಕಾರ್ಯಕ್ರಮಕ್ಕೆ ಬೆಂಕಿ ಹಚ್ಚಿ. ಕಡ್ಡಿ ಗೀರಲು ನಾನೂ ಬರುತ್ತೇನೆ, ಯಾಕೆಂದರೆ ಇದರಲ್ಲಿ ನಿಮ್ಮಷ್ಟೇ ಪಾಲು ನನ್ನದು. ಸಾವಕಾಶವಾಗಿ ಓದಿ.

ಮಾರ್ಚ್ ಆರಕ್ಕೆ ಸುಭಾಸ ಮಾಮಾ ಎಂದಿನಂತೆ ಚೀಲ ತಂದರು. ಅವ್ವ ಒಳಗೆ ನಮಾಜಿಗೆ ನಿಂತಿದ್ದಳು. ನಾನು ಬಾಗಿಲಲ್ಲೇ ತಡೆದೆ. "ಮಾಮಾ, ಚೀಲ ಇಳಸಬ್ಯಾಡ್ರಿ. ಇನ್ನ ಮುಂದನೂ ತರಬ್ಯಾಡ್ರಿ" ಅಂದೆ. ಪಾಪ, ಅವರು ಚೀಲ ಹೆಗಲ ಮೇಲಿಟ್ಟುಕೊಂಡೇ ನಿಂತರು. "ಯಾಕವಾ, ಏನ ತಪ್ಪಾತು?" ಅಂದರು. "ನಿಮ್ಮ ಅವ್ವಗ ಕೇಳ್ರಿ, ಆಕಿಗಿ ಗೊತ್ತೈತಿ" ಅಂದು ಬಾಗಿಲು ಹಾಕಿದೆ. ನಲವತ್ತು ವರ್ಷದಲ್ಲಿ ಆ ಮನೆಯವರಿಗೆ ನಾನು ಬಾಗಿಲು ಹಾಕಿದ್ದು ಅದೊಂದೇ ಸಲ. ನ್ಯಾಯ ಮಾಡಿದೆ ಅನ್ನುವ ಸೊಕ್ಕು ಬೇರೆ.

ನಿನ್ನೆ ಅವ್ವ ಕೇಳಿದಳು. "ಶಬ್ಬು, ರೋಜಾ ಮುಗಿಯಾಕ ಬಂತು, ಬಸಣ್ಣ ಕಾಕಾನ ಮನಿ ಜೋಳ ಇನ್ನಾ ಬರಲಿಲ್ಲ. ಗುಂಡವ್ವ ಕಾಕಿಗಿ ಆರಾಮ ಐತೋ ಇಲ್ಲೋ?" ನನಗೆ ಸುಳ್ಳು ಬರುವುದಿಲ್ಲ. ನಿಮ್ಮ ಕಾಗದ ತಂದು ಮುಂದಿಟ್ಟು ಓದಿ ಹೇಳಿದೆ. ಬಸಣ್ಣನ ಹಗೆಗೆ ಅಜ್ಜ ಬಲಿಯಾದ ಸಂಗತಿ ನನ್ನಿಂದ ಯಾಕೆ ಮುಚ್ಚಿಟ್ಟೆ ಎಂದು ಜಗಳಕ್ಕೇ ನಿಂತೆ.

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಅಂದಳು: "ಮುಚ್ಚೂದೇನೈತಿ ಅದರಾಗ? ಹಗೇದಾಗ ಇಳದು ಸತ್ತ ನಮ್ಮಪ್ಪ. ಊರಿಗೇ ಗೊತ್ತೈತಿ."

"ಹಗೇದಾಗ ಇಳಿಯೂದಂದ್ರ?"

"ಅಯ್ಯ ನನ ಶಿವನ! ಬಿ.ಎಸ್ಸಿ. ಕಲತು ಹಗೇವು ಗೊತ್ತಿಲ್ಲೇನ ನಿನಗ? ಜೋಳ ಇಡೂ ತಗ್ಗವಾ, ತಗ್ಗು!"

ನನಗೆ ಗೊತ್ತಿರಲಿಲ್ಲ ಸರ್. ನಿಮಗೂ ಗೊತ್ತಿಲ್ಲ. ಕೇಳಿ. ಆಗೆಲ್ಲ ಅಂಗಳದಲ್ಲಿ ನೆಲ ತೋಡಿ, ಒಂದಾಳು ಇಳಿಯುವಷ್ಟು ಬಾಯಿ ಬಿಟ್ಟು, ಒಳಗೆ ಕೋಣೆಯಷ್ಟು ಅಗಲ ಮಾಡಿ, ಹುಲ್ಲು ಹೊಟ್ಟು ಹಾಸಿ ಜೋಳ ತುಂಬಿ ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರಂತೆ. ಅದಕ್ಕೆ ಹಗೆ ಅನ್ನುತ್ತಾರೆ, ಬಾಯಿಮಾತಿನಲ್ಲಿ ಹಗೇವು. ವರ್ಷ ಮುಚ್ಚಿದ ಹಗೆಯೊಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ತೆಗೆದ ಮೇಲೆ ಒಂದು ದಿನ ಬಿಟ್ಟು, ಕಂದೀಲು ಇಳಿಸಿ ನೋಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು.

ಅವತ್ತು ಬಸಣ್ಣ ಹಗೆಯ ಬಾಯಿ ತೆಗೆದವರು ಕಾಯಲಿಲ್ಲ. ಇಳಿದರು, ಒಳಗೇ ಬಿದ್ದರು. ಓಡಿ ಬಂದ ನಮ್ಮ ಅಜ್ಜ ಇಳಿದು ಅವರ ನಡುವಿಗೆ ಹಗ್ಗ ಕಟ್ಟಿ ಮೇಲೆ ಎಳೆಸಿದರು. ಹಗ್ಗ ಮತ್ತೆ ಕೆಳಗೆ ಬಿಡುವಷ್ಟರಲ್ಲಿ ಅಜ್ಜನಿಗೆ ಅದನ್ನು ಹಿಡಿಯುವ ಕಸುವು ಇರಲಿಲ್ಲ. ಬಸಣ್ಣ ಬದುಕಿದರು. ಮರುದಿನ ಪಂಚರು ಕೂತು ಊರಿನ ಹಗೆಗಳನ್ನೆಲ್ಲ ಮಣ್ಣು ಹಾಕಿ ಮುಚ್ಚಿಸಿದರು. ಅಂದಿನಿಂದ ಆ ಊರಲ್ಲಿ ಯಾರೂ ಹಗೆ ತೆಗೆಯಲಿಲ್ಲ. ಹಗೆ ಎಂಬ ಆ ಮಾತೂ ಹಿರಿಯರ ಜೊತೆಗೇ ಹೋಯಿತು. ನನ್ನ ಅಜ್ಜ ಯಾತರಿಂದ ಸತ್ತರೋ ಅದರ ಹೆಸರೇ ನನಗೆ ತಿಳಿಯದೆ ಹೋಯಿತು.

ನಿಮ್ಮ ಮೂವರು ಹಿರಿಯರು ತಲೆಯಾಡಿಸಿದ್ದು ಯಾಕೆ ಗೊತ್ತಾಯಿತೆ? ಅವರು ದೊಡ್ಡಕ್ಷರ ಓದಿ ತಗ್ಗನ್ನು ನೆನೆಸಿಕೊಂಡು ಅತ್ತರು. ನಿಮ್ಮ ಇರುವೆ ಅಕ್ಷರ ಓದುವ ಕಣ್ಣು ಅವರಿಗೆಲ್ಲಿತ್ತು?

ಅವ್ವ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು. "ಕಾಕಿಗಿ ನೀ ಏನ ಹೇಳಿ ಕಳಿಸಿದಿ?" ಎಂದು ಎರಡೆರಡು ಸಲ ಕೇಳಿದಳು. ಹೇಳಿದೆ. ಆಕಿಗಿ ಗೊತ್ತೈತಿ ಅಂದೆನೆಂದು ಕೇಳಿದ ಮೇಲೆ ಇಫ್ತಾರಿಗೆ ಖರ್ಜೂರ ಒಂದು ಬಾಯಿಗಿಟ್ಟು ಎದ್ದುಹೋದಳು. ನನಗೆ ನಾಚಿಕೆಯಾಗಿದೆ, ಭಯವೂ ಆಗಿದೆ. ಆ ಮನೆ ನಮ್ಮಿಂದ ಹೋದರೆ ಅವ್ವನಿಗೆ ತವರು ಅನ್ನುವುದು ಬೇರೆ ಉಳಿದಿಲ್ಲ. ಊರಂತೂ ನೀರೊಳಗಿದೆ.

ಫಲಕ ಇವತ್ತೇ ತೆಗೆಯಿರಿ.

ಶಬಾನಾ

*

ಸಾಲಿಮಡ್ಡಿ
೧ ಏಪ್ರಿಲ್ ೨೦೨೫

ಮೇಡಂ,

ನಿಮ್ಮ ಪತ್ರ ಓದಿ ಎದ್ದವನೇ ಫಲಕ ಕಿತ್ತೆ. ಇಬ್ರಾಹಿಂಸಾಬರು ದಂಡೆಯಲ್ಲೇ ಇದ್ದರು. "ಹಗೆ ಅಂದ್ರೆ ಏನು ಸಾಹೇಬ್ರೆ?" ಎಂದು ಕೇಳಿದೆ. ಎರಡು ಕೈ ಅಗಲಿಸಿ ತೋರಿಸಿ, "ಜೋಳದ್ದಲ್ರಿ? ನಮ್ಮ ಮನ್ಯಾಗ ಎರಡಿದ್ದೂರಿ" ಎಂದರು. ಹತ್ತು ತಿಂಗಳಿಂದ ದಿನಾ ಅವರ ಬೋಟಿನಲ್ಲಿ ಓಡಾಡುತ್ತಿದ್ದೇನೆ. ಒಂದು ಸಲ ಕೇಳಿದ್ದರೆ ಸಾಕಿತ್ತು. ಯಾಕೆ ಕೇಳಲಿಲ್ಲ ಎಂದರೆ, ಕನ್ನಡ ಬಲ್ಲವನಿಗೆ ಹಗೆ ಎಂಬ ಪದದ ಅರ್ಥ ಕೇಳುವುದೇನು ಎಂಬ ಜಂಬ. ಬೇರೆ ಕಾರಣ ಇಲ್ಲ.

ಪ್ರಾಯಶ್ಚಿತ್ತ ಎಂದು ಬರೆದದ್ದು ಇನ್ನೂ ದೊಡ್ಡ ತಪ್ಪು. ಕೇಳದೆ ಇದ್ದ ಮಾತು ಹೇಳಿದೆ. ಬಾಗೇವಾಡಿಗೆ ನಾನೂ ಬಂದು ಕ್ಷಮೆ ಕೇಳಲೆ? ಹೇಳಿ, ಬರುತ್ತೇನೆ.

ಅರುಣಕುಮಾರ

*

ಇಂಡಿ
೮ ಏಪ್ರಿಲ್ ೨೦೨೫

ಅರುಣಕುಮಾರ ಅವರೆ,

ರಮಜಾನ್ ಹಬ್ಬದ ಮೂರನೆಯ ದಿನ ನಾನೊಬ್ಬಳೇ ಬಾಗೇವಾಡಿಗೆ ಹೋಗಿ ಬಂದೆ. ಸುಭಾಸ ಮಾಮಾ ಬಾಗಿಲಲ್ಲೇ ತಡೆಯುತ್ತಾರೆ ಎಂದುಕೊಂಡಿದ್ದೆ. ತಡೆಯಲಿಲ್ಲ. ಅವರ ಹೆಂಡತಿ ಸುವರ್ಣಾ ಅತ್ತಿ ನೀರು ಕೊಟ್ಟು, "ನೀ ಏನ ಅಂದು ಕಳಿಸಿದೆವಾ? ಅವತ್ತಿನಿಂದ ನಮ್ಮತ್ತಿ ಸರಿಯಾಗಿ ಉಂಡಿಲ್ಲ" ಅಂದರು.

ಗುಂಡವ್ವಾಯಿ ಗೋಡೆಗೆ ಆತು ಕೂತಿದ್ದರು. ನಾನು ಕಾಲು ಹಿಡಿದೆ. ಫಲಕ, ಮಾತಿನ ಗೋಜಲು, ನನ್ನ ಹುಚ್ಚುತನ, ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಕಡೆಗೆ ಒಂದೇ ಮಾತು: "ನೀ ಮಾಡಿದ್ದು ಬರೋಬ್ಬರಿ ಐತಿ ಬಿಡವಾ." ಸಿಟ್ಟಿನ ಮಾತು ಅದು, ಗೊತ್ತಿದೆ ನನಗೆ. ಬೈದರೆ ತಡೆದುಕೊಳ್ಳಬಹುದು, ಹೀಗೆ ಒಪ್ಪಿಬಿಟ್ಟರೆ ಮುಂದೆ ಏನು ಮಾತಾಡುವುದು?

ಮನೆಗೆ ಬಂದು ಹೇಳಿದರೆ ಅವ್ವ, "ನಾನ ಕರಕೊಂಡು ಹೋಗತೇನಿ ಆಕಿನ, ಊರಿಗಿ" ಅಂದಳು. ಊರು ಅಂದರೆ ನಿಮ್ಮ ನಡುಗಡ್ಡೆ. ಇಪ್ಪತ್ತು ಚಿಲ್ಲರೆ ವರ್ಷದಿಂದ ನೀರು ನೋಡಲಾರೆ ಎಂದು ಆ ಕಡೆ ಮುಖ ಹಾಕದವಳು. ಸುಭಾಸ ಮಾಮಾ ಇಬ್ಬರನ್ನೂ ಹದಿನೇಳಕ್ಕೆ ಕರೆತರುತ್ತಾರೆ. ನನಗೆ ಹತ್ತನೆಯ ತರಗತಿಯ ಪೇಪರು ತಿದ್ದುವ ಕೆಲಸ, ರಜೆ ಇಲ್ಲ. ಬೋಟು ಇಳಿಯುವಾಗ ಕೈ ಕೊಡಿ. ಅವ್ವ ಬೇಡ ಅನ್ನುತ್ತಾಳೆ, ಆದರೂ ಕೊಡಿ. ಹೊಸ ಫಲಕಕ್ಕೆ ಏನು ಬರೆಯಬೇಕೋ ಅವರನ್ನೇ ಕೇಳಿ.

ಏನಾಯಿತೆಂದು ನನಗೆ ಬರೆಯಿರಿ. ಇಬ್ಬರೂ ಹೇಳುವವರಲ್ಲ.

ಶಬಾನಾ

*

ಸಾಲಿಮಡ್ಡಿ
೧೯ ಏಪ್ರಿಲ್ ೨೦೨೫

ಶಬಾನಾ ಮೇಡಂ,

ಮೊನ್ನೆ ಬಂದಿದ್ದರು. ನೀರು ಇಳಿದಿರುವುದರಿಂದ ಬೋಟು ದಂಡೆಯ ತನಕ ಬರುವುದಿಲ್ಲ, ಕೆಸರಿನಲ್ಲಿ ಸ್ವಲ್ಪ ನಡೆಯಬೇಕು. ನಿಮ್ಮ ತಾಯಿ ನನ್ನ ಕೈ ಹಿಡಿಯಲಿಲ್ಲ, ಗುಂಡವ್ವನವರ ಕೈ ಹಿಡಿದರು. ಸುಭಾಸ ಅವರು ಬೋಟಿನ ಹತ್ತಿರವೇ ಉಳಿದರು.

ಶಾಲೆಯ ಕಟ್ಟೆಯ ಮೇಲೆ ಇಬ್ಬರನ್ನೂ ಕೂರಿಸಿ ಚಹಾ ಕೊಟ್ಟೆ. ಕೆಳಗೆ ಕೆಸರಿನಲ್ಲಿ ಹಳೆಯ ಮನೆಗಳ ಪಾಯ ಕಾಣುತ್ತಿತ್ತು. ನಿಮ್ಮ ತಾಯಿ ಬೆರಳು ತೋರಿಸಿ ಯಾರ ಮನೆ ಎಲ್ಲಿ ಎಂದು ಹೇಳುತ್ತಿದ್ದರು. ನಾನು ನನ್ನ ತಪ್ಪನ್ನು ಒಪ್ಪಿಕೊಂಡೆ. ಹೊಸ ಫಲಕಕ್ಕೆ ಬರೆದುಕೊಳ್ಳುತ್ತೇನೆ, ಅವತ್ತಿನದ್ದನ್ನು ಹೇಳಿ ಎಂದೆ. ಮುಂದಿನದ್ದನ್ನು ಕೇಳಿಸಿದ ಹಾಗೆಯೇ ಬರೆಯುತ್ತೇನೆ. ನಿಮ್ಮ ಕಡೆಯ ಮಾತು ನನ್ನ ಕೈಯಲ್ಲಿ ತಪ್ಪಾಗಿದ್ದರೆ ತಿದ್ದಿಕೊಳ್ಳಿ.

ಗುಂಡವ್ವನವರು ಹೇಳಿದರು: "ಬರ್ಕೋರಿ. ಅವಸರ ಮಾಡಿದಾಕಿ ನಾನು. ಮನಿಗಿ ಬೀಗರು ಬರಾವರಿದ್ರು, ಡಬರ್‍ಯಾಗ ಜೋಳ ಇರಲಿಲ್ಲ. ನಾಳಿ ತನಕ ಇಳೀಬ್ಯಾಡ್ರಿ ಅಂತ ಕಾಸಿಂಸಾಬಣ್ಣ ಹೇಳಿ ಹೋಗಿದ್ದ. ನಾ ನಮ್ಮ ಮನಿಯವರಿಗಿ, 'ಇಳೀರಿ, ಗಂಡಸಲ್ಲೇನು? ಏನಾಗತೈತಿ?' ಅಂದ್ನಿ. ಅದಕ್ಕ ಇಳದ್ರು. ಅವರು ಸಾಯೂ ತನಕ ಈ ಮಾತ ಯಾರ ಮುಂದೂ ಆಡಲಿಲ್ಲ, ನನ್ನ ಹೆಸರ ಬರಗೊಡಲಿಲ್ಲ. ನಾನೂ ಆಡಲಿಲ್ಲ. ಈ ಸಲ ಚೀಲ ತಿರುಗಿ ಬಂತು. 'ನಿಮ್ಮ ಅವ್ವಗ ಗೊತ್ತೈತಿ' ಅಂತ ಹೇಳಿ ಕಳಿಸಿದ್ರು. ಗೊತ್ತಾತು ಜೈತುನಗ, ಅಂದ್ಕೊಂಡ್ನಿ. ಬರೋಬ್ಬರಿ ಐತಿ. ಇಷ್ಟ ದಿನ ಉಂಡಿದ್ದ ಹೆಚ್ಚು."

ಮೇಡಂ, ನೀವು ಅದನ್ನು ಸಿಟ್ಟಿನ ಮಾತು ಎಂದುಕೊಂಡಿದ್ದಿರಿ. ಅಲ್ಲ.

ನಿಮ್ಮ ತಾಯಿ ಲೋಟ ಕೆಳಗಿಟ್ಟರು. "ಕಾಕಿ, ನನಗ ಮೊದಲ ಗೊತ್ತಿತ್ತು" ಎಂದರು. "ನಾ ಅಲ್ಲೇ ಇದ್ನಿ. ನಿನ್ನ ಸೆರಗ ಹಿಡಕೊಂಡು ನಿಂತಿದ್ನಿ. ನೀ ಅಂದಿದ್ದು ಕೇಳಿತ್ತು."

ಗುಂಡವ್ವನವರು ಅವರ ಕಡೆ ತಿರುಗಿ ಕೇಳಿದರು: "ಮತ್ತ ಯಾರಿಗೂ ಯಾಕ ಹೇಳಲಿಲ್ಲ ನೀ?"

"ಯಾರಿಗಿ ಹೇಳಲಿ? ಅಪ್ಪ ಹೋದ ಮ್ಯಾಲ ಅವ್ವ ಹಾಸಿಗಿ ಹಿಡದ್ಲು. ನಮಗ ಮೂರು ಮಂದಿಗೂ ನೀನ ರೊಟ್ಟಿ ಬಡದು ಹಾಕಾಕತ್ತಿದ್ದಿ. ಹೇಳಿದ್ರ ರೊಟ್ಟಿ ನಿಂದರತಾವು ಅಂತ ಅಂಜಿ ಹೇಳಲಿಲ್ಲ. ದೊಡ್ಡಾಕಿ ಆದ ಮ್ಯಾಲ ಹೇಳೂದು ಬ್ಯಾಡ ಅನಿಸ್ತು."

ಆಗ ಗುಂಡವ್ವನವರು ಅತ್ತರು. ನಿಮ್ಮ ತಾಯಿ ಅಳಲಿಲ್ಲ, ಅವರ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು. ನಾನು ಎದ್ದು ಒಳಗೆ ಹೋದೆ. ಬೋಟು ಹತ್ತುವ ಮುಂಚೆ ಗುಂಡವ್ವನವರು ನನಗೆ "ಅದನ್ನೂ ಬರೀರಿ ಮತ್ತ" ಎಂದರು. ನಿಮ್ಮ ತಾಯಿ "ಬರದೀರಿ ಜ್ವಾಕಿ!" ಎಂದು ತಡೆದರು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

ಏನು ಮಾಡಲಿ? ಇಲ್ಲಿನ ಸತ್ಯ ಬರೆಯಲು ನನ್ನನ್ನು ಇಟ್ಟಿದ್ದಾರೆ. ಈ ಸಲ ನಾನಾಗಿ ತೀರ್ಮಾನಿಸುವುದಿಲ್ಲ. ನೀವು ಹೇಳಿ.

ಅರುಣಕುಮಾರ

*

ಇಂಡಿ
೨೮ ಏಪ್ರಿಲ್ ೨೦೨೫

ಅರುಣಕುಮಾರ ಅವರೆ,

ಅಜ್ಜ ಇಳಿದದ್ದು, ಬಸಣ್ಣನನ್ನು ಉಳಿಸಿದ್ದು, ಊರು ಹಗೆ ಮುಚ್ಚಿದ್ದು, ಇಷ್ಟು ಬರೆಯಿರಿ. ಅವಸರ ಮಾಡಿದವರು ಯಾರು ಎಂದು ಬೇಡ. ಅವ್ವ ಎಂಟು ವರ್ಷದವಳಿದ್ದಾಗಲೇ ಅದನ್ನು ತೀರ್ಮಾನಿಸಿದ್ದಾಳೆ, ಅದರ ಮೇಲೆ ನೀವು ನಾನು ಯಾರು? ಹಗೆ ಅಂದರೆ ಏನು ಅನ್ನುವುದನ್ನು ಮಾತ್ರ ದೊಡ್ಡಕ್ಷರದಲ್ಲಿ ಹಾಕಿ.

ಅವ್ವ ಅಲ್ಲಿಂದ ಬಂದು ನನಗೆ ಬಿಸಿಲಿನ ಸುದ್ದಿ ಹೇಳಿದಳು, ಕೆಸರಿನಲ್ಲಿ ಚಪ್ಪಲಿ ಹೋದ ಸುದ್ದಿ ಹೇಳಿದಳು, ನಿಮ್ಮ ಚಹಾಕ್ಕೆ ಸಕ್ಕರೆ ಜಾಸ್ತಿ ಅಂದಳು. ನೀವು ಬರೆದ ಮಾತು ಒಂದೂ ಹೇಳಲಿಲ್ಲ. ನನಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿಲ್ಲ. ನಾನೂ ಕೇಳುವುದಿಲ್ಲ. ನನ್ನಂಥ ಬಾಯಿಬಡಕಿಗೆ ಇದು ಕಷ್ಟ, ಆದರೂ ಕೇಳುವುದಿಲ್ಲ.

ನಿನ್ನೆ ಗುಂಡವ್ವಾಯಿ ಬಂದಿದ್ದಾರೆ. ಯಾರೂ ಕರೆದಿರಲಿಲ್ಲ. ಕೈಕಾಲು ತೊಳೆದವರೇ ನೇರ ಅಡುಗೆಮನೆಗೆ ಹೋಗಿ, "ಏಳ, ನಾ ಬಡೀತೇನಿ" ಎಂದು ಅವ್ವನನ್ನು ಒಲೆ ಮುಂದಿನಿಂದ ಎಬ್ಬಿಸಿದರು. ಅವ್ವ ಆ ಜಾಗ ನನಗೂ ಬಿಡುವವಳಲ್ಲ. ಎದ್ದಳು. ತಾಟು ಹಿಡಿದು ಗೋಡೆಗೆ ಕೂತಳು. ಆಯಿ ಬಡಿದು ಹಾಕುತ್ತಾ ಹೋದರು, ಅವ್ವ ಬಿಸಿಬಿಸಿ ನಾಲ್ಕು ರೊಟ್ಟಿ ಉಂಡಳು. ಅವಳು ಎರಡರ ಮೇಲೆ ಉಂಡದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಶಬಾನಾ